ಸಿಟ್ಟಿನ ಚಿಕಿತ್ಸೆ: ಜೈಲಿನಲ್ಲೋ, ತಾಲ್ಲೂಕಿನಲ್ಲೋ?

ವಕೀಲರು: ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ ಡಾಕ್ಟ್ರೇ. ಬದುವಿನ ಜಗಳದಲ್ಲಿ ಅಣ್ಣನ ತಲೆ ಒಡೆದವನನ್ನು ಕೂರಿಸಿಕೊಂಡು ಉಸಿರಾಟ ಹೇಳಿಕೊಡುವುದು, ಕೊಡಲಿ ಎತ್ತಿದವನಿಗೆ ಹತ್ತರವರೆಗೆ ಎಣಿಸಪ್ಪಾ ಎನ್ನುವುದು, ಇದಕ್ಕೆಲ್ಲ ಚಿಕಿತ್ಸೆ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಸಿಟ್ಟಿಗೆ ಕೊಡಬೇಕಾದ ರಿಯಾಯಿತಿಯನ್ನು ಕಾನೂನು ಆಗಲೇ ಕೊಟ್ಟಾಗಿದೆ. 1860ರ ದಂಡ ಸಂಹಿತೆಯ 300ನೇ ಸೆಕ್ಷನ್ನು ಯಾವುದು ಕೊಲೆ ಎಂದು ಹೇಳಿ, ಅದರ ಬೆನ್ನಿಗೇ ವಿನಾಯಿತಿಗಳನ್ನು ಹೇಳುತ್ತಿತ್ತು. ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ತನ್ನ ಮೇಲಿನ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಲ್ಲ. ಮೊದಲೇ ಯೋಚಿಸದೆ, ದಿಢೀರನೆ ಹುಟ್ಟಿದ ಹೊಡೆದಾಟದ ಆವೇಶದಲ್ಲಿ ಕೊಂದರೂ ಅದು ಒಂದು ಮೆಟ್ಟಿಲು ಕೆಳಗಿನ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್ನಿನಲ್ಲೂ ಇವು ಉಳಿದುಕೊಂಡಿವೆ. ಹೀಗೆ ಗಲ್ಲಿನಿಂದ ಪಾರಾದವನನ್ನು ಮತ್ತೆ ಪಾಠಕ್ಕೆ, ಆಪ್ತಸಲಹೆಗೆ ಎಂದು ಕೂರಿಸಿದರೆ ಸತ್ತವನ ಹೆಂಡತಿ ಮಕ್ಕಳಿಗೆ ನ್ಯಾಯಾಲಯ ಏನು ಹೇಳಿದಂತಾಯಿತು? ತಪ್ಪು ಇವನದಲ್ಲ, ಇವನಿಗಿದ್ದ ಕಾಯಿಲೆಯದು ಎಂದು ತಾನೆ?

ವೈದ್ಯೆ: ನೀವು ಎತ್ತಿದ ಆ ವಿನಾಯಿತಿಯೇ ನನ್ನ ವಾದಕ್ಕೂ ಆಧಾರ, ವಕೀಲರೇ. 1961ರಲ್ಲಿ ನಾನಾವತಿ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟು ಗಡಿಯಾರ ನೋಡಿತು. ನೌಕಾಪಡೆಯ ಆ ಅಧಿಕಾರಿ ಹೆಂಡತಿಯ ಬಾಯಿಂದಲೇ ಆಕೆಯ ಬೇರೆ ಸಂಬಂಧದ ವಿಷಯ ಕೇಳಿ ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟಿದ್ದರು. ಆಕೆಯ ಪ್ರಿಯಕರನ ಮೇಲೆ ಗುಂಡು ಹಾರಿದ್ದು ನಾಲ್ಕು ಇಪ್ಪತ್ತಕ್ಕೆ. ನಡುವೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟಿದ್ದರು, ಹಡಗಿಗೆ ಹೋಗಿ ರಿವಾಲ್ವರ್ ಪಡೆದಿದ್ದರು. ಅಷ್ಟು ಹೊತ್ತು ಕಳೆದ ಮೇಲೆ ಹತೋಟಿ ತಪ್ಪಿತ್ತು ಎನ್ನುವ ಹಾಗಿಲ್ಲ ಎಂದು ನ್ಯಾಯಾಲಯ ಹೇಳಿತು. ಅಂದರೆ, ಸಾಮಾನ್ಯ ಮನುಷ್ಯ ಎಂಥ ಸಿಟ್ಟನ್ನೂ ಒಂದಷ್ಟು ಹೊತ್ತಿನಲ್ಲಿ ಹಿಡಿತಕ್ಕೆ ತಂದುಕೊಳ್ಳಬಲ್ಲ, ತಂದುಕೊಳ್ಳಲೇಬೇಕು ಎಂಬುದು ಕಾನೂನಿನ ನಿಲುವು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಿಟ್ಟು ಕಾಯಿಲೆ ಎಂದು ನಾನು ಹೇಳುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂಬ ವಾದಕ್ಕೆ ಬೇರೆಯೇ ಸೆಕ್ಷನ್ ಇದೆ, ಸಿಟ್ಟಿನವರು ಅಲ್ಲಿಗೆ ಸೇರುವುದಿಲ್ಲ. ನಾನು ಕೇಳುವುದಿಷ್ಟೆ: ಕಾನೂನು ಪ್ರತಿಯೊಬ್ಬನಲ್ಲೂ ಇರಬೇಕೆಂದು ಬಯಸುವ ಈ ಶಕ್ತಿ ಒಬ್ಬನಲ್ಲಿ ಇಲ್ಲ ಎಂದು ವಿಚಾರಣೆಯಲ್ಲಿ ರುಜುವಾತಾಗಿದೆ. ಶಿಕ್ಷೆ ಮುಗಿದ ದಿನ ಅವನು ಅದೇ ಊರಿಗೆ, ಅದೇ ಬದುವಿಗೆ ಬರುತ್ತಾನೆ. ಆ ಶಕ್ತಿ ಅಷ್ಟರೊಳಗೆ ಎಲ್ಲಿಂದ ಬಂದಿರಬೇಕು? ಶಿಕ್ಷೆ ಹಿಂದೆ ನಡೆದದ್ದಕ್ಕೆ ಉತ್ತರ ಕೊಡುತ್ತದೆ. ಮುಂದಿನ ಜಗಳದ ದಿನಕ್ಕೆ ಅದು ಇವನಿಗೆ ಏನನ್ನೂ ಕಲಿಸಿರುವುದಿಲ್ಲ.

ಇದು ಕೈಬೆರಳೆಣಿಕೆಯ ಜನರ ಮಾತೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಲೆಕ್ಕ ತೆಗೆದು ನೋಡಿ. ಆ ವರ್ಷ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ವ್ಯಾಜ್ಯ, 3,761ಕ್ಕೆ ವೈಯಕ್ತಿಕ ದ್ವೇಷ. ಲಾಭಕ್ಕಾಗಿ ಮಾಡಿದ ಕೊಲೆಗಳು 1,884 ಮಾತ್ರ. ದರೋಡೆಕೋರನಿಗೆ ಹೆದರಿ ಬಾಗಿಲಿಗೆ ಚಿಲಕ ಹಾಕುವ ನಾವು ಹೆಚ್ಚು ಸಾಯುವುದು ಗುರುತಿನವರ ಕೈಯಲ್ಲೇ.

ವಕೀಲರು: ಆ ಅಂಕಿಗಳನ್ನು ನೀವು ಓದಿದ ರೀತಿಗೇ ನನ್ನ ತಕರಾರು. ವ್ಯಾಜ್ಯ ಎಂದ ಮಾತ್ರಕ್ಕೆ ಅದು ಸಿಟ್ಟು ಎಂದಾಗುವುದಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಭತ್ತದ ಗದ್ದೆಗೆ ನೀರು ತಿರುಗಿಸಿಕೊಳ್ಳುವ ಪಾಳಿಯ ಜಗಳ, ಕುರುಗೋಡಿನ ಕಡೆ ಸರ್ವೆ ಕಲ್ಲು ಕಿತ್ತ ಜಗಳ, ಇವು ಒಂದು ಸಂಜೆ ಹುಟ್ಟಿ ಒಂದು ಸಂಜೆಗೆ ಮುಗಿಯುವಂಥವಲ್ಲ. ವರ್ಷಗಟ್ಟಲೆ ಕಾದು, ಒಬ್ಬನೇ ಸಿಕ್ಕ ದಿನ ನೋಡಿ ಹೊಡೆಯುತ್ತಾರೆ. ಹೊಡೆಯುವವನ ರಕ್ತ ಆಗ ತಣ್ಣಗಿರುತ್ತದೆ. ಇನ್ನು ಮನೆಯೊಳಗಿನ ಹೊಡೆತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದಲ್ಲಿ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 44.4 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಆ ಸುತ್ತಿನಲ್ಲಿ ಅದು ದೇಶದಲ್ಲೇ ಹೆಚ್ಚು. ಹೆಂಡತಿಯ ಮೇಲೆ ಕೈ ಎತ್ತುವ ಇದೇ ಗಂಡಸು ತಹಸೀಲ್ದಾರರ ಮುಂದೆ ಕೈ ಕಟ್ಟಿಕೊಂಡು ನಿಂತಿರುತ್ತಾನೆ, ಗಣಿ ಮಾಲೀಕ ಬೈದರೆ ತಲೆ ತಗ್ಗಿಸುತ್ತಾನೆ. ಅವನಿಗೆ ಹತೋಟಿಯ ಕೊರತೆ ಎಲ್ಲಿದೆ?

ವೈದ್ಯೆ: ಇಲ್ಲವೇ ಇಲ್ಲ, ಅದಕ್ಕೇ ಅವನನ್ನು ನನ್ನ ತರಗತಿಗೆ ಕಳಿಸಬೇಡಿ. ನಿಮ್ಮ ಈ ಆಕ್ಷೇಪ ನನ್ನ ವಾದಕ್ಕೆ ಬೇಲಿ ಹಾಕುತ್ತದೆ, ಆ ಬೇಲಿ ಬೇಕೇ ಬೇಕು. ಹೊಂಚು ಹಾಕಿ ಹೊಡೆದವನಿಗೂ, ಹೆದರಿಸಿ ಬದುಕುವ ರೌಡಿಗೂ ಸಿಟ್ಟಿನ ಚಿಕಿತ್ಸೆಯಿಂದ ಏನೂ ಆಗದು. ಇನ್ನಷ್ಟು ತಣ್ಣಗೆ ಕೆಲಸ ಮಾಡುವುದನ್ನು ಕಲಿಸಿದಂತಾದೀತು. ಹೆಂಡತಿಯನ್ನು ಹೊಡೆಯುವವನ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. 1981ರಲ್ಲಿ ಅಮೆರಿಕದ ಡುಲೂತ್ ಎಂಬ ಊರಿನಲ್ಲಿ ಹೊಡೆಯುವ ಗಂಡಂದಿರಿಗಾಗಿ ಕಾರ್ಯಕ್ರಮ ಶುರುವಾದಾಗಲೇ, ಇದು ಸಿಟ್ಟಿನ ಪ್ರಶ್ನೆಯಲ್ಲ, ಯಜಮಾನಿಕೆಯ ಪ್ರಶ್ನೆ ಎಂಬ ತಿಳಿವಳಿಕೆಯ ಮೇಲೇ ಅದನ್ನು ಕಟ್ಟಿದರು. ನಮ್ಮ ಕಾನೂನಿಗೂ ಇದು ಗೊತ್ತಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ 14ನೇ ಸೆಕ್ಷನ್ನಿನಡಿ ಮ್ಯಾಜಿಸ್ಟ್ರೇಟರು ಗಂಡನನ್ನು ಆಪ್ತಸಲಹೆಗೆ ಕಳಿಸಬಹುದು. ಆದರೆ 2006ರ ನಿಯಮಗಳು ಅಲ್ಲಿ ಒಂದು ಗೆರೆ ಎಳೆದಿವೆ: ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅವನಿಗೆ ಅವಕಾಶವೇ ಇಲ್ಲ, ಆ ಮಾತನ್ನು ಶುರುವಿನಲ್ಲೇ ಅವನಿಗೆ ತಿಳಿಸಿ ಹೇಳಬೇಕು. ಸಿಟ್ಟು ಬಂತು, ಹೊಡೆದೆ ಎನ್ನುವುದೂ ಒಂದು ಸಮರ್ಥನೆಯೇ. ಇವನು ಹತ್ತು ತರಗತಿಗೆ ಬಂದ ಎಂಬ ಒಂದೇ ಕಾರಣಕ್ಕೆ ಆಕೆಯನ್ನು ಹೊಂದಿಕೊಂಡು ಹೋಗಮ್ಮಾ ಎಂದು ವಾಪಸು ಕಳಿಸಿದರೆ, ಚಿಕಿತ್ಸೆಯ ಹೆಸರಿನಲ್ಲಿ ಆಕೆಯ ಜೀವವನ್ನು ಪಣಕ್ಕಿಟ್ಟ ಹಾಗೆ.

ಇವರನ್ನೆಲ್ಲ ಪಕ್ಕಕ್ಕಿಟ್ಟ ಮೇಲೂ ದೊಡ್ಡ ಗುಂಪೊಂದು ಉಳಿಯುತ್ತದೆ. ಯಾರ ಮೇಲೆಂದು ನೋಡದೆ ಸಿಡಿಯುವವರು, ಹೊಡೆದ ಮರುಗಳಿಗೆ ತಾವೇ ಆಟೊ ಕರೆದು ಪೆಟ್ಟು ತಿಂದವನನ್ನು ಆಸ್ಪತ್ರೆಗೆ ಸಾಗಿಸುವವರು, ಒಂದೇ ಬಗೆಯ ಹೊಡೆದಾಟದಲ್ಲಿ ಮತ್ತೆ ಮತ್ತೆ ಠಾಣೆ ಮೆಟ್ಟಿಲು ಹತ್ತುವವರು. ಇಂಥವರಲ್ಲಿ ಕುಡಿತವೂ ಬೆರೆತಿರುತ್ತದೆ. ನಿಮ್ಹಾನ್ಸ್ ತಂಡ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟಿತು. ಮನೋರೋಗವೋ ವ್ಯಸನವೋ ಒಂದನ್ನು ಗುರುತಿಸಬಹುದಾದವರು ನೂರಕ್ಕೆ 79.6. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೆ ಅದು 27.6ಕ್ಕೆ ಇಳಿಯಿತು. ಹಾಗಾಗಿ ಕುಡಿತದ ಚಿಕಿತ್ಸೆ ಜೊತೆಗಿಲ್ಲದ ಸಿಟ್ಟಿನ ಚಿಕಿತ್ಸೆಗೆ ಅರ್ಥವಿಲ್ಲ.

ವಕೀಲರು: ಆಯಿತು, ಸಿಡಿಯುವವರಷ್ಟೇ ಎಂದುಕೊಳ್ಳೋಣ. ಅವರಿಗಾದರೂ ಇದು ಹಿಡಿಯುತ್ತದೆ ಎನ್ನುವುದಕ್ಕೆ ಪುರಾವೆ ಎಲ್ಲಿ? ಬುದ್ಧಿಮಾತಿಗೆ ನಮ್ಮಲ್ಲಿ ಬರವಿಲ್ಲ. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ರೌಡಿ ಪೆರೇಡಿನಲ್ಲಿ ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಡುತ್ತಾರೆ, ಊರಲ್ಲಿ ದೈವದವರು ಕೂತು ರಾಜಿ ಪಂಚಾಯ್ತಿ ಮಾಡುತ್ತಾರೆ. ಎಲ್ಲದಕ್ಕೂ ತಲೆಯಾಡಿಸಿ ಬಂದವನು ಸಂಜೆಗೆ ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ.

ವೈದ್ಯೆ: ಮುಚ್ಚಳಿಕೆ ಅವನಿಂದ ಮಾತು ತೆಗೆದುಕೊಳ್ಳುತ್ತದೆ, ಆ ಮಾತು ಉಳಿಸಿಕೊಳ್ಳುವ ಬಗೆಯನ್ನು ಯಾರೂ ಹೇಳಿಕೊಡುವುದಿಲ್ಲ. ಚಿಕಿತ್ಸೆಯಲ್ಲಿ ನಡೆಯುವುದು ಬುದ್ಧಿಮಾತಲ್ಲ, ಅಭ್ಯಾಸ. 1975ರಲ್ಲಿ ರೇಮಂಡ್ ನೊವಾಕೊ ಎಂಬ ಮನೋವಿಜ್ಞಾನಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಸಿಟ್ಟು ಏರುವಾಗ ಮೈಯಲ್ಲಿ ಮೊದಲು ಏನಾಗುತ್ತದೆ, ದವಡೆ ಬಿಗಿಯುತ್ತದೆಯೋ, ಕಿವಿ ಬಿಸಿಯಾಗುತ್ತದೆಯೋ, ಅದನ್ನು ಅವನೇ ಗುರುತಿಸುವುದು. ಆ ಗಳಿಗೆಯಲ್ಲಿ ತಲೆಯೊಳಗೆ ಓಡುವ ಮಾತನ್ನು ಹಿಡಿಯುವುದು. ‘ಇವನು ಬೇಕಂತಲೇ ಗುರಾಯಿಸಿದ, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದ’ ಎಂಬ ಆ ಮಾತು ನಿಜವೇ ಎಂದು ಕೇಳಿಕೊಳ್ಳುವುದು. ಆಮೇಲೆ ಅದೇ ಸನ್ನಿವೇಶವನ್ನು ಎದುರುಬದುರು ನಿಂತು ಆಡಿ, ಬೇರೆ ಉತ್ತರ ಕೊಟ್ಟು ನೋಡುವುದು, ಅದು ರೂಢಿಯಾಗುವವರೆಗೆ ಮತ್ತೆ ಮಾಡುವುದು. ಷಿಕಾಗೊದ ಬಡ ಬಡಾವಣೆಗಳ ಹುಡುಗರಿಗೆ ಶಾಲೆಯಲ್ಲಿ ಮಾಡಿಸುವ ಒಂದು ಅಭ್ಯಾಸ ಕೇಳಿ. ಒಬ್ಬನ ಮುಷ್ಟಿಯಲ್ಲಿ ಚೆಂಡಿರುತ್ತದೆ, ಇನ್ನೊಬ್ಬ ಅರ್ಧ ನಿಮಿಷದಲ್ಲಿ ಅದನ್ನು ತೆಗೆದುಕೊಳ್ಳಬೇಕು. ಹೆಚ್ಚುಕಡಿಮೆ ಎಲ್ಲರೂ ಬೆರಳು ತಿರುಚುತ್ತಾರೆ, ನೆಲಕ್ಕೆ ಕೆಡವುತ್ತಾರೆ. ಮುಗಿದ ಮೇಲೆ ಶಿಕ್ಷಕ ಕೇಳುತ್ತಾನೆ, ಚೆಂಡು ಕೊಡು ಎಂದು ಯಾಕೆ ಯಾರೂ ಕೇಳಲಿಲ್ಲ? ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ ಎಂಬುದು ಇವರ ಉತ್ತರ. ಕೊಟ್ಟುಬಿಡುತ್ತಿದ್ದೆ, ಚೆಂಡು ತಾನೆ, ಎನ್ನುತ್ತಾನೆ ಎದುರಿನವನು.

ಇಲ್ಲೇ ಒಂದು ತಪ್ಪು ನಂಬಿಕೆಯನ್ನೂ ತೆಗೆದುಹಾಕಬೇಕು. ಸಿಟ್ಟನ್ನು ಹೊರಹಾಕಿಬಿಟ್ಟರೆ ಇಳಿಯುತ್ತದೆ ಎಂದು ಓದಿದವರೂ ಹೇಳುತ್ತಾರೆ. ಬ್ರ್ಯಾಡ್ ಬುಷ್‌ಮನ್ 2002ರಲ್ಲಿ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೆಣಕಿದವನನ್ನು ನೆನೆಯುತ್ತ ಮರಳುಚೀಲಕ್ಕೆ ಗುದ್ದಿದವರಲ್ಲಿ ಸಿಟ್ಟು ಎಲ್ಲರಿಗಿಂತ ಹೆಚ್ಚಿತ್ತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿ ಎನಿಸಿದರು. 2024ರಲ್ಲಿ ಅವರೂ ಅವರ ಸಹೋದ್ಯೋಗಿಯೂ 154 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಮೈಯ ಕಾವು ಇಳಿಸುವ ಅಭ್ಯಾಸಗಳಿಂದ ಸಿಟ್ಟು ಇಳಿಯಿತು, ಕಾವು ಏರಿಸುವವುಗಳಿಂದ ಇಳಿಯಲಿಲ್ಲ. ಉಸಿರಾಟವನ್ನು ನೀವು ತಳ್ಳಿಹಾಕಿದಿರಿ. ಅದೊಂದೇ ಸಾಲದು ಎನ್ನುವುದನ್ನು ಒಪ್ಪುತ್ತೇನೆ, ಅದು ಕೆಲಸಕ್ಕೆ ಬಾರದ್ದು ಎನ್ನುವುದನ್ನು ಒಪ್ಪಲಾರೆ.

ವಕೀಲರು: ಕಾಲೇಜು ಹುಡುಗರ ಮಾತಿರಲಿ. ಅಪರಾಧಿಗಳ ಲೆಕ್ಕ ಹೇಳಿ.

ವೈದ್ಯೆ: ಹೇಳುತ್ತೇನೆ, ನನ್ನ ವಿರುದ್ಧದ್ದನ್ನೇ ಮೊದಲು. ಪಶ್ಚಿಮ ಆಸ್ಟ್ರೇಲಿಯಾದ ಸೆರೆಮನೆಗಳಲ್ಲಿ ಹಿಂಸೆಯ ಅಪರಾಧ ಮಾಡಿದವರಿಗೆ ಕೊಟ್ಟ ಚಿಕ್ಕ ಅವಧಿಯ ಸಿಟ್ಟಿನ ತರಗತಿಗಳನ್ನು ವಾಟ್ ಮತ್ತು ಹೌವೆಲ್ಸ್ 1999ರಲ್ಲಿ ಅಳೆದರು. ತರಗತಿಗೆ ಬಂದವರಿಗೂ ಪಾಳಿಯಲ್ಲಿ ಕಾಯುತ್ತಿದ್ದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಬದಲಾಗಬೇಕೆಂಬ ಮನಸ್ಸಿಲ್ಲದವರನ್ನು ಕೆಲವೇ ತರಗತಿಗಳಿಗೆ ಕೂರಿಸಿದರೆ ಇಷ್ಟೇ ಫಲ. ಇನ್ನು ಪರವಾದದ್ದು. 2015ರಲ್ಲಿ ಹೆನ್‌ವುಡ್ ಮತ್ತು ಜೊತೆಗಾರರು 14 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಚಿಕಿತ್ಸೆ ಪಡೆದವರು ಮತ್ತೆ ಹಿಂಸೆಯ ಅಪರಾಧಕ್ಕೆ ಇಳಿಯುವ ಸಾಧ್ಯತೆ ನೂರಕ್ಕೆ 28ರಷ್ಟು ಇಳಿದಿತ್ತು. ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಿದವರಲ್ಲಿ 56ರಷ್ಟು.

ವಕೀಲರು: ಮುಗಿಸುವವನು ಯಾರು? ಮೊದಲೇ ಸುಧಾರಿಸಲು ಮನಸ್ಸು ಮಾಡಿದವನು. ತರಗತಿ ಇಲ್ಲದಿದ್ದರೂ ಅವನು ಸುಧಾರಿಸುತ್ತಿದ್ದ. ಇಂಥ ಸಾಕ್ಷ್ಯವನ್ನು ನಮ್ಮ ಕೋರ್ಟಿನಲ್ಲಿ ಹಾಜರುಪಡಿಸಿದರೆ ಎದುರು ವಕೀಲ ಪಾಟೀಸವಾಲಿನಲ್ಲೇ ಮುಗಿಸಿಬಿಡುತ್ತಾನೆ.

ವೈದ್ಯೆ: ಆ 56ನ್ನು ನಾನೂ ಪೂರ್ತಿ ನಂಬುವುದಿಲ್ಲ, ನೀವು ಹೇಳಿದ ಕಾರಣಕ್ಕೇ. ಅದಕ್ಕೇ ಚೀಟಿ ಎತ್ತಿ ಮಾಡಿದ ಪ್ರಯೋಗಗಳನ್ನು ನೋಡಬೇಕು. ಯಾರಿಗೆ ಚಿಕಿತ್ಸೆ, ಯಾರಿಗಿಲ್ಲ ಎಂಬುದನ್ನು ಅದೃಷ್ಟಕ್ಕೆ ಬಿಟ್ಟಾಗ ಮನಸ್ಸಿದ್ದವರೂ ಇಲ್ಲದವರೂ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತಾರೆ. ಚೆಂಡಿನ ಅಭ್ಯಾಸವಿದ್ದ ಷಿಕಾಗೊದ ಆ ಶಾಲಾ ಕಾರ್ಯಕ್ರಮವನ್ನು ಹಾಗೆ ಎರಡು ಸಲ ಪರೀಕ್ಷಿಸಿದರು. ತರಗತಿ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸೆಯ ಅಪರಾಧಕ್ಕಾಗಿ ಬಂಧನಗಳು ನೂರಕ್ಕೆ 45ರಿಂದ 50ರಷ್ಟು ಕಡಿಮೆಯಾದವು. ತರಗತಿ ನಿಂತ ಮೇಲೆ ಬಂಧನಗಳ ಮೇಲಿನ ಪರಿಣಾಮ ಕರಗಿಹೋಯಿತು, ಅದನ್ನೂ ಮುಚ್ಚಿಡುವುದಿಲ್ಲ. ಇನ್ನೊಂದು ಪ್ರಯೋಗ ಲೈಬೀರಿಯಾದ್ದು. ಅಂತರ್ಯುದ್ಧ ಮುಗಿದ ಆ ದೇಶದ ರಾಜಧಾನಿ ಮನ್ರೋವಿಯಾದಲ್ಲಿ ಕಳವು, ಹೊಡೆದಾಟದಲ್ಲೇ ಬದುಕಿದ್ದ 999 ಗಂಡಸರನ್ನು ಆರಿಸಿಕೊಂಡು, ಕೆಲವರಿಗೆ ಎಂಟು ವಾರದ ಚಿಕಿತ್ಸೆ, ಕೆಲವರಿಗೆ 200 ಡಾಲರ್ ಹಣ, ಕೆಲವರಿಗೆ ಎರಡೂ, ಉಳಿದವರಿಗೆ ಏನೂ ಇಲ್ಲ ಎಂದು ಚೀಟಿಯಿಂದ ತೀರ್ಮಾನಿಸಿದರು. ಬರೀ ಹಣದ ಗುಣ ನಿಲ್ಲಲಿಲ್ಲ, ಬರೀ ಚಿಕಿತ್ಸೆಯ ಗುಣ ಕಾಲ ಕಳೆದಂತೆ ಕುಗ್ಗಿತು. ಎರಡೂ ಸಿಕ್ಕವರಲ್ಲಿ ಹತ್ತು ವರ್ಷದ ಮೇಲೂ ಅಪರಾಧ, ಹಿಂಸೆ ಸುಮಾರು ಅರ್ಧಕ್ಕೆ ಇಳಿದಿದ್ದವು.

ಈ ಎರಡು ಪ್ರಯೋಗಗಳು ಸೇರಿ ಹೇಳುವುದನ್ನೇ ನಾನು ಬಳ್ಳಾರಿಗೆ ಹೇಳಬೇಕೆಂದಿರುವುದು. ಸಿಟ್ಟನ್ನು ಹಿಡಿಯುವುದನ್ನು ಕಲಿಸಬಹುದು, ಆದರೆ ಅದು ಒಂದು ಸಲ ಚುಚ್ಚಿದರೆ ಜೀವನಪೂರ್ತಿ ಕಾಯುವ ಲಸಿಕೆಯಲ್ಲ. ಮನುಷ್ಯ ಬದುಕುವ ಜಾಗದಲ್ಲಿ, ಅವನ ದುಡಿಮೆಯ ಜೊತೆಗೆ ಸೇರಿದರೆ ಉಳಿಯುತ್ತದೆ, ಇಲ್ಲದಿದ್ದರೆ ಸವೆಯುತ್ತದೆ. ಬಳ್ಳಾರಿಯ ಕೇಂದ್ರ ಕಾರಾಗೃಹದೊಳಗೆ ಕಾಲುವೆಯ ತೂಬಿಲ್ಲ, ಸಾರಾಯಿ ಕುಡಿದು ಬಂದು ಕೆಣಕುವ ಷಡ್ಡಕನಿಲ್ಲ, ಪಾಲು ಕೇಳುವ ತಮ್ಮನಿಲ್ಲ. ಅಲ್ಲಿ ತಣ್ಣಗಿರುವುದನ್ನು ಕಲಿತವನು ಹೊರಗೂ ತಣ್ಣಗಿರುತ್ತಾನೆ ಎನ್ನಲಾಗದು. ಆದ್ದರಿಂದ ಈ ಚಿಕಿತ್ಸೆಯ ಮುಖ್ಯ ಜಾಗ ಜೈಲಲ್ಲ, ತಾಲ್ಲೂಕು.

ವಕೀಲರು: ಆದರೆ ಜೈಲಿನಲ್ಲಿ ಏನೂ ಆಗಿಲ್ಲ ಎಂದೂ ಹೇಳಬೇಡಿ. 1994ರಲ್ಲಿ ಕಿರಣ್ ಬೇಡಿಯವರ ಕಾಲದಲ್ಲಿ ತಿಹಾರ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ವಿಪಶ್ಯನ ಧ್ಯಾನಕ್ಕೆ ಕೂತರು. ನಮ್ಮ ರಾಜ್ಯದ ಸೆರೆಮನೆಗಳಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದಲೇ ನಾಟಕ ಆಡಿಸಿದರು, ಜೀವಾವಧಿ ಶಿಕ್ಷೆಯವರು ಊರೂರಿನ ರಂಗಮಂದಿರದಲ್ಲಿ ಬಣ್ಣ ಹಚ್ಚಿ ನಿಂತರು.

ವೈದ್ಯೆ: ನಾಟಕದ ಬಗ್ಗೆ ನನಗೆ ದೊಡ್ಡ ಗೌರವವಿದೆ. ತನ್ನಿಂದ ಹೊಡೆತ ತಿಂದವನ ಪಾತ್ರವನ್ನು ತಾನೇ ಮಾಡಬೇಕಾಗಿ ಬಂದಾಗ ಆಗುವ ಅರಿವು ಹತ್ತು ಉಪನ್ಯಾಸಗಳಿಂದ ಆಗದು. ನಮ್ಮ ಚಿಕಿತ್ಸೆಯಲ್ಲಿ ಎದುರುಬದುರು ನಿಂತು ಆಡುವ ಅಭ್ಯಾಸ ನಾಟಕದ ನೆರೆಮನೆಯದೇ. ಕೋರ್ಟಿನಲ್ಲಿ ವಾದ ಮಾಡುತ್ತಲೇ ರಂಗದ ಮೇಲೆ ನಿಂತ ಬಳ್ಳಾರಿ ರಾಘವರ ಊರಿನಲ್ಲಿ ಈ ಅಭ್ಯಾಸ ಮಾಡಿಸಬಲ್ಲ ಕಲಾವಿದರಿಗೆ ಕೊರತೆಯಿಲ್ಲ, ಬಳಸಿಕೊಳ್ಳಬೇಕು. ಜೈಲಿನ ಕೆಲಸಕ್ಕೆ ಅಡ್ಡ ಬರುವುದು ಬೇರೆ ಎರಡು ಸಂಗತಿಗಳು. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಗೆ ಇದ್ದ ಮನಶ್ಶಾಸ್ತ್ರಜ್ಞರು, ಮನೋವೈದ್ಯರು 25 ಮಂದಿ. ಅದಾದರೂ ನೇಮಕದಿಂದ ಸರಿಹೋದೀತು. ಎರಡನೆಯದನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ: ಆ ಕೈದಿಗಳಲ್ಲಿ ನೂರಕ್ಕೆ 75.8 ಮಂದಿ ವಿಚಾರಣಾಧೀನರು.

ವಕೀಲರು: ಹೌದು. ಆ ದಿನ ನಿನಗೆ ಹೇಗೆ ಸಿಟ್ಟು ಬಂತು, ಏನು ಮಾಡಿದೆ ಎಂದು ನೀವು ಕೇಳಿದ ಕೂಡಲೇ ನನ್ನ ಕಕ್ಷಿದಾರ ತಪ್ಪೊಪ್ಪಿಗೆ ಕೊಡಲು ಶುರು ಮಾಡಿದ ಹಾಗಾಯಿತು. ತೀರ್ಪು ಬರುವವರೆಗೆ ಅವನು ನಿಮ್ಮ ಮುಂದೆ ಬಾಯಿ ಬಿಡಬಾರದು ಎಂದೇ ನಾನು ಹೇಳುತ್ತೇನೆ. ನನ್ನ ವೃತ್ತಿಧರ್ಮ ಅದು.

ವೈದ್ಯೆ: ಅದನ್ನು ಗೌರವಿಸಿ ನಡೆಯಬೇಕು. ವಿಚಾರಣಾಧೀನರಿಗೆ ಕುಡಿತದ ಚಿಕಿತ್ಸೆ, ನಿದ್ದೆಯ ಚಿಕಿತ್ಸೆ, ಸಾಮಾನ್ಯವಾದ ಅಭ್ಯಾಸಗಳು ಸಾಕು, ಪ್ರಕರಣದ ಮಾತೇ ಬೇಡ. ಕೊಲೆಯಲ್ಲಿ ಶಿಕ್ಷೆಯಾದವರಿಗೆ ಬಿಡುಗಡೆಗೆ ಮುಂಚಿನ ಒಂದೆರಡು ವರ್ಷಗಳಲ್ಲಿ ಜೈಲಿನಲ್ಲೇ ಶುರು ಮಾಡಿ, ಹೊರಗೆ ಬಂದ ಮೇಲೆ ಊರಿನಲ್ಲಿ ಮುಂದುವರಿಸಬೇಕು. ಆದರೆ ಹೆಚ್ಚಿನ ಲಾಭ ಇರುವುದು ಕೊಲೆಯವರೆಗೆ ಹೋಗದ ಪ್ರಕರಣಗಳಲ್ಲಿ. ಜನ ಈಗಲೂ 324 ಎಂದೇ ಕರೆಯುವ, ಆಯುಧದಿಂದ ಗಾಯ ಮಾಡಿದ ಕೇಸುಗಳು ಸಿರುಗುಪ್ಪದ ನ್ಯಾಯಾಲಯಕ್ಕೆ ಬರುತ್ತಲೇ ಇರುತ್ತವೆ. ಇಂದು ಗಾಯ ಮಾಡಿದ ಕೈ ಇನ್ನೊಂದು ದಿನ ಎರಡಂಗುಲ ಆಚೆ ಬಿದ್ದರೆ ಅದೇ ಕೊಲೆ, ಹಳೆಯ 302. ಈ ಜನರಿಗಾಗಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಎಂದಿನಿಂದಲೋ ಕಾದು ಕೂತಿದೆ. ಮರಣದಂಡನೆ, ಜೀವಾವಧಿಗೆ ಒಳಪಡದ ಅಪರಾಧವಾದರೆ 4ನೇ ಸೆಕ್ಷನ್ನಿನಡಿ ನ್ಯಾಯಾಧೀಶರು ಅವನನ್ನು ಬಾಂಡಿನ ಮೇಲೆ ಬಿಡಬಹುದು, ಕನಿಷ್ಠ ಒಂದು ವರ್ಷ ಪರಿವೀಕ್ಷಣಾಧಿಕಾರಿಯ ಕಣ್ಣಿನಡಿ ಇಡಬಹುದು, ಮದ್ಯ ಮುಟ್ಟಬಾರದು ಎಂದು ಹೇಳಬಹುದು, ಅಪರಾಧ ಮರುಕಳಿಸದಂತೆ ತಮಗೆ ತಕ್ಕದ್ದೆನಿಸಿದ ಬೇರೆ ಷರತ್ತನ್ನೂ ಹಾಕಬಹುದು. ವಾರಕ್ಕೊಮ್ಮೆ ಸಿಟ್ಟಿನ ತರಗತಿಗೆ ಹೋಗು ಎಂಬ ಷರತ್ತಿಗೆ ಹೊಸ ಕಾನೂನು ಬೇಕಾಗಿಲ್ಲ.

ವಕೀಲರು: ಕಾಯ್ದೆ ಇದೆ, ಒಪ್ಪಿದೆ. ಹಳ್ಳಿಯವನು ಹೋಗಲಿ ಎಲ್ಲಿಗೆ? ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮೇಲಾಗುತ್ತದೆ. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಹಣ ಬೇರೆ, ಗಂಡಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲವಲ್ಲ. ಮನೋವೈದ್ಯರನ್ನು ತಾಲ್ಲೂಕಿಗೊಬ್ಬರಂತೆ ತರುವುದು ನಿಮ್ಮ ಕೈಯಲ್ಲೂ ಇಲ್ಲ, ಸರ್ಕಾರದ ಕೈಯಲ್ಲೂ ಇಲ್ಲ.

ವೈದ್ಯೆ: ಇದೇ ಪ್ರಶ್ನೆಯನ್ನು ಈ ಜಿಲ್ಲೆ ಒಮ್ಮೆ ಬಗೆಹರಿಸಿ ದೇಶಕ್ಕೆ ದಾರಿ ತೋರಿಸಿದೆ. ಇದು ನಮ್ಮಲ್ಲಿ ಹಲವರಿಗೆ ಗೊತ್ತೇ ಇಲ್ಲ ಎನ್ನುವುದು ನನಗೆ ನೋವಿನ ಸಂಗತಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಸೇರಿ ಆಗಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹುಚ್ಚು ಎಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೊತ್ತೊಯ್ಯಬೇಕಿದ್ದ ಕಾಲ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು, ಕೆಲವೇ ಅವಶ್ಯಕ ಮಾತ್ರೆಗಳನ್ನು ಕೇಂದ್ರಗಳಿಗೆ ತಪ್ಪದೆ ತಲುಪಿಸಿದರು, ಸರಳವಾದ ದಾಖಲೆ ಇಟ್ಟರು, ಜಿಲ್ಲಾ ಮಟ್ಟದಿಂದ ಮೇಲ್ವಿಚಾರಣೆ ನಡೆಸಿದರು. ಮನೋವೈದ್ಯರ ದಂಡು ಇಲ್ಲದೆಯೂ ಮನೋರೋಗಿಗೆ ಅವನ ಊರಿನ ಹತ್ತಿರವೇ ಚಿಕಿತ್ಸೆ ಸಿಗುತ್ತದೆ ಎಂದು ಅದು ತೋರಿಸಿತು. ಬಳ್ಳಾರಿ ಮಾದರಿ ಎಂದೇ ಹೆಸರಾದ ಅದರ ಮೇಲೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಇವತ್ತು ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕುಗಳಿಗೆ ತಜ್ಞರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರಲ್ಲ, ಅದರ ಹಿಂದೆಯೂ ಇದೇ ಯೋಚನೆ ಇದೆ.

ಹಾಗಾದರೆ ಸಿಟ್ಟಿನ ಚಿಕಿತ್ಸೆಯನ್ನೂ ಮನೋವೈದ್ಯರೇ ಮಾಡಬೇಕಿಲ್ಲ. ಲೈಬೀರಿಯಾದಲ್ಲಿ ತರಗತಿ ನಡೆಸಿದವರು ಪದವೀಧರ ತಜ್ಞರಲ್ಲ. ಒಂದು ಕಾಲಕ್ಕೆ ತಾವೂ ಬಂದೂಕು ಹಿಡಿದು, ಬೀದಿಯಲ್ಲಿ ಬದುಕಿ, ತಿದ್ದಿಕೊಂಡವರು ಅವರಲ್ಲಿದ್ದರು. ಇಲ್ಲಿ ಪ್ರತಿ ತಾಲ್ಲೂಕಿಗೆ ಇಬ್ಬರು ತರಬೇತಾದ ಆಪ್ತಸಮಾಲೋಚಕರು, ತಿಂಗಳಿಗೊಮ್ಮೆ ಬಳ್ಳಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದ ಮೇಲ್ವಿಚಾರಣೆ, ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಆಸ್ಪತ್ರೆಯ ಒಂದು ಕೋಣೆ. ಭಾಷೆ ಕನ್ನಡವಷ್ಟೇ ಆದರೆ ಸಾಲದು, ತೆಲುಗು, ಉರ್ದು ಬಲ್ಲವರೂ ಬೇಕು. ಮನುಷ್ಯ ಸಿಟ್ಟಿನಲ್ಲಿ ಬೈಯುವುದು ಮನೆಮಾತಿನಲ್ಲಿ. ನಾಟಿ, ಕೊಯ್ಲಿನ ವಾರಗಳಲ್ಲಿ ತರಗತಿ ಬೇಡ, ಯಾರೂ ಬರುವುದಿಲ್ಲ. ಗುಳೆ ಹೋಗುವವರ ಕಂತನ್ನು ಅವರು ಊರಲ್ಲಿರುವ ತಿಂಗಳುಗಳಿಗೆ ಹೊಂದಿಸಬೇಕು. ಒಂದು ಪಾಠ ಚೆನ್ನಾಗಿದೆಯೇ ಎಂಬುದಕ್ಕಿಂತ ಮುಗಿಸುವವರು ಎಷ್ಟು ಮಂದಿ ಎಂಬುದರ ಮೇಲೇ ಇದು ನಿಲ್ಲುವುದೋ ಬೀಳುವುದೋ ಗೊತ್ತಾಗುತ್ತದೆ. ಲೈಬೀರಿಯಾದ ಹಣದ ಜಾಗದಲ್ಲಿ ನಾವು ದುಡಿಮೆಯ ದಾರಿ ಇಡಬಹುದು: ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಕಲಿಕೆ, ಚಾಲನೆಯ ತರಬೇತಿ, ಬ್ಯಾಂಕಿನ ಸಣ್ಣ ಸಾಲಕ್ಕೆ ಶಿಫಾರಸು.

ವಕೀಲರು: ಇಲ್ಲಿ ನನಗೆ ತಡೆದುಕೊಳ್ಳಲಾಗುವುದಿಲ್ಲ. ಹೊಡೆದವನಿಗೆ ತರಗತಿ, ತರಬೇತಿ, ಸಾಲ. ಹೊಡೆಸಿಕೊಂಡು ಮೊಣಕೈ ಮಡಿಸಲಾಗದೆ ಕೂಲಿ ಕಳೆದುಕೊಂಡವನಿಗೆ? ಅವನು ಪ್ರತಿ ವಾರ ಸಂಬಳದ ಆಳಿನಂತೆ ತರಗತಿಗೆ ಹೋಗಿಬರುವ ಇವನನ್ನು ತನ್ನ ಮನೆ ಕಟ್ಟೆಯಿಂದ ನೋಡುತ್ತ ಕೂರಬೇಕೇ?

ವೈದ್ಯೆ: ಕೂರಬಾರದು. ಅದೇ 1958ರ ಕಾಯ್ದೆಯ 5ನೇ ಸೆಕ್ಷನ್ನಿನಡಿ ಬಿಡುಗಡೆಯಾಗುವವನಿಂದ ಗಾಯಗೊಂಡವನಿಗೆ ಪರಿಹಾರ ಕೊಡಿಸಬಹುದು. ತರಗತಿಗೆ ಸೇರುವ ಮೊದಲೇ ಅದರ ಕಂತು ಶುರುವಾಗಬೇಕು, ದುಡಿಮೆಯ ದಾರಿ ತೋರಿಸುವುದರ ಒಂದು ಕಾರಣವೂ ಅದೇ. ದುಡಿಯದವನು ಪರಿಹಾರ ಕೊಡುವುದು ಎಲ್ಲಿಂದ? ಇದು ಕ್ಷಮೆಯಲ್ಲ. ತಪ್ಪಿತಸ್ಥನೆಂದು ತೀರ್ಮಾನವಾದವನು ಅವನು, ಅವನ ಹೆಸರಿನ ಮುಂದೆ ಅಪರಾಧಿ ಎಂದು ಬರೆದಾಗಿದೆ. ಇನ್ನೊಂದನ್ನೂ ಯೋಚಿಸಿ. ಗಾಯಗೊಂಡವನು ಅದೇ ಓಣಿಯಲ್ಲಿ ಬಾಳಬೇಕಾದವನು. ಆರು ತಿಂಗಳು ಒಳಗಿದ್ದು, ಮೊದಲಿಗಿಂತ ಹೆಚ್ಚು ಸೇಡು ಹೊತ್ತು ಬಂದವನ ಪಕ್ಕದಲ್ಲಿ ಬಾಳುವುದೋ, ಒಂದು ವರ್ಷ ಅಧಿಕಾರಿಯ ಕಣ್ಣಿನಡಿ ಕುಡಿತ ಬಿಟ್ಟು ಕಂತು ಕಟ್ಟಿದವನ ಪಕ್ಕದಲ್ಲಿ ಬಾಳುವುದೋ? ಅವನನ್ನೇ ಕೇಳಬೇಕು, ಷರತ್ತು ಹಾಕುವ ಮುಂಚೆ ಅವನ ಮಾತನ್ನು ನ್ಯಾಯಾಧೀಶರು ಕೇಳಿಸಿಕೊಳ್ಳಬೇಕು.

ವಕೀಲರು: ಗಾಯದ ಕೇಸುಗಳ ಮಟ್ಟಿಗೆ, ಪರಿಹಾರ ಮೊದಲು ಎಂಬ ಷರತ್ತಿನ ಮೇಲೆ, ನಾನು ನ್ಯಾಯಾಧೀಶರ ಮುಂದೆ ಇದನ್ನು ಕೇಳಲು ಸಿದ್ಧ. ಕೊಲೆಯ ವಿಷಯದಲ್ಲಿ ಶಿಕ್ಷೆಯ ಒಂದು ದಿನವೂ ತರಗತಿಯ ಕಾರಣಕ್ಕೆ ಕಡಿಮೆಯಾಗಬಾರದು, ಅಲ್ಲಿ ನಾನು ಬದಲಾಗಿಲ್ಲ. ಆದರೆ ಕೊನೆಯದಾಗಿ ಒಂದು ತೊಡಕಿದೆ. ನಿಮ್ಮ ಸಮಾಲೋಚಕರ ಮುಂದೆ ಅವನು ಹೇಳಿದ್ದೆಲ್ಲ ಕೋರ್ಟಿಗೆ ಬರುವುದಾದರೆ ಅವನು ನಿಜ ಹೇಳುವುದಿಲ್ಲ. ಏನೂ ಬಾರದಿದ್ದರೆ ಅವನು ತರಗತಿಯ ಹೆಸರಿನಲ್ಲಿ ಸಂತೆ ಸುತ್ತಿ ಬಂದರೂ ನ್ಯಾಯಾಧೀಶರಿಗೆ ತಿಳಿಯುವುದಿಲ್ಲ.

ವೈದ್ಯೆ: ಕೋರ್ಟಿಗೆ ಹೋಗುವ ಕಾಗದದಲ್ಲಿ ನಾಲ್ಕೇ ಸಂಗತಿ ಇರಲಿ: ಬಂದ, ಬರಲಿಲ್ಲ, ಕುಡಿದು ಬಂದ, ಮುಗಿಸಿದ. ಕೋಣೆಯೊಳಗೆ ಆಡಿದ ಮಾತು ಕೋಣೆಯೊಳಗೇ ಉಳಿಯಬೇಕು. ಯಾರನ್ನಾದರೂ ಕೊಲ್ಲುತ್ತೇನೆ, ಕಡಿಯುತ್ತೇನೆ ಎಂಬ ಬೆದರಿಕೆ ನಿಜವೆನಿಸಿದರೆ ಮಾತ್ರ ಅದು ಹೊರಗೆ ಬರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಸೆಕ್ಷನ್ನು ಬೇರೆಯವರನ್ನು ಹಾನಿಯಿಂದ ಕಾಪಾಡಲು ಬೇಕಾದಷ್ಟು ಮಾಹಿತಿಯನ್ನು ಕೊಡಲು ಅವಕಾಶ ಕೊಟ್ಟಿದೆ. ಈ ನಿಯಮವನ್ನು ಮೊದಲ ದಿನವೇ ಅವನಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು.

ವಕೀಲರು: ಮತ್ತೆ ಬರಲಿಲ್ಲ ಎಂದು ಬರೆದ ಕಾಗದಕ್ಕೆ ಬೆಲೆ ಇರಬೇಕಲ್ಲ. ಪರಿವೀಕ್ಷಣಾ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ, ಬಾಂಡಿನ ಷರತ್ತನ್ನು ಮೊದಲ ಸಲ ಮುರಿದವನಿಗೆ ನ್ಯಾಯಾಲಯ ಶಿಕ್ಷೆಯನ್ನೇ ಕೊಡಬಹುದು, ಇಲ್ಲವೇ ಬಾಂಡು ಉಳಿಸಿ ಐವತ್ತು ರೂಪಾಯಿ ಮೀರದ ದಂಡ ಹಾಕಬಹುದು. 1958ರ ಐವತ್ತು ರೂಪಾಯಿ ಅದು. ಜೈಲಿಗೆ ಕಳಿಸುವುದು, ಐವತ್ತು ರೂಪಾಯಿ ಕಟ್ಟಿಸುವುದು, ಈ ಎರಡರ ನಡುವೆ ನ್ಯಾಯಾಧೀಶರ ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ಅವರು ಈ ಷರತ್ತನ್ನೇ ಹಾಕಲು ಹಿಂಜರಿಯುತ್ತಾರೆ. ತಪ್ಪಿಸಿದ ವಾರಗಳಿಗೆ ಸಮನಾಗಿ ಸಮುದಾಯ ಸೇವೆ ಎಂದು ರಾಜ್ಯ ತಿದ್ದುಪಡಿ ತಂದರೆ ಕೆಲಸ ಸಲೀಸು. ಹೊಸ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಹೇಗೂ ಸೇರಿಸಿದೆ. ಆ ತಿದ್ದುಪಡಿಯ ಕರಡನ್ನು ನಾನು ಬರೆಯುತ್ತೇನೆ. ತರಗತಿಯ ನಿಯಮಗಳನ್ನು ನೀವು ಬರೆಯಿರಿ, ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ.